ಗೋವಿಂದಪ್ಪನ ಹೆಬ್ಬೆರಳು

ಬೆಟಗೇರಿಯ ನೇಕಾರ ಗೋವಿಂದಪ್ಪನ ಮನೆಗೆ ಯಾವ ಪಕ್ಷದವರು ಮತ ಕೇಳಲು ಬಂದರೂ ಅವನು ಮಗ್ಗದ ಕುಣಿಯಿಂದ ಏಳುವುದಿಲ್ಲ. ಮನೆಮನೆಗೂ ಇಂಟರ್ನೆಟ್ ಎಂದರೆ, "ಕರೆಂಟ್ ಹ್ವಾದ್ರ ಏನ್ ಮಾಡೂದ್ರಿ?" ಎನ್ನುತ್ತಾನೆ, ಓಣಿಗೊಂದು ಕ್ಯಾಮೆರಾ ಎಂದರೆ, "ಗೆದ್ದ ಮ್ಯಾಲೆ ನೀವೂ ಅದರಾಗ ಕಾಣ್ತೀರೇನ್ರಿ?" ಎಂದು ನಗುತ್ತಾನೆ. "ಇವರಿಗೆ ಎಲ್ಲಾದ್ರಾಗೂ ಸಂಶಯ ನೋಡ್ರಿ," ಎನ್ನುತ್ತ ಹೆಂಡತಿ ಬನಶಂಕರಿ ಚಹಾ ತರುತ್ತಾಳೆ. ಆದರೆ ಇನ್ನು ಮುಂದೆ ಎಲ್ಲ ಸವಲತ್ತೂ ಬೆರಳಚ್ಚಿನಲ್ಲೇ ಎಂದ ಕೂಡಲೇ ಅವನ ಲಾಳಿ ನಿಲ್ಲುತ್ತದೆ. ನೂಲು ಜಗ್ಗಿ ಜಗ್ಗಿ ಗೆರೆ ಸವೆದ ಹೆಬ್ಬೆರಳನ್ನು ಎತ್ತಿ ತೋರಿಸುತ್ತಾನೆ: "ರೇಷನ್ ಅಂಗಡ್ಯಾಗಿನ ಮಷಿನ್ ಇದನ್ನ ಒಪ್ಪೂದಿಲ್ರಿ, ಅಕ್ಕಿ ಇಲ್ದ ವಾಪಸ್ ಬರ್ತೀನಿ. ನಿಮ್ಮ ಮಷಿನ್ ಒಪ್ಪತೈತೇನು?" ಉತ್ತರ ಹೇಳದೆ ಹೋದವರಿಗೆ ಅವನ ಮತವಿಲ್ಲ. ಮತದಾನದ ದಿನ ಮಾತ್ರ ಎಲ್ಲರಿಗಿಂತ ಮುಂಚೆ ಮತಗಟ್ಟೆಗೆ ಹೋಗಿ ನಿಲ್ಲುತ್ತಾನೆ. ಆ ಸವೆದ ಕೈಯನ್ನು ಒಲ್ಲೆ ಅನ್ನದೆ ಹಿಡಿದು ಶಾಯಿ ಹಚ್ಚುವುದು ಅಲ್ಲಿ ಮಾತ್ರ.