ಭಾನುಪ್ರಿಯ ಮೇಡಂ ಹೊಗಳಿದ ದಿನ

ಕೈಲಾಂಚದ ಭಾನುಪ್ರಿಯ ಮೇಡಂ ಇಪ್ಪತ್ತು ವರ್ಷ ಹುಡುಗಿಯರಿಗೆ ಕಬಡ್ಡಿ ಕಲಿಸಿದರು. ಅಷ್ಟೂ ವರ್ಷದಲ್ಲಿ ಒಬ್ಬಳನ್ನೂ ಮೆಚ್ಚಿ ಮಾತಾಡಿದವರಲ್ಲ. ಹೊಗಳಿದರೆ ಕಾಲಿಗೆ ಸೋಮಾರಿತನ ಹತ್ತುತ್ತದೆ ಎಂಬುದು ಅವರ ಕೋಚ್ ಅವರಿಗೆ ಕಲಿಸಿದ ಪಾಠ. ಮೇಡಂ ಆಡುತ್ತಿದ್ದ ಕಾಲದಲ್ಲಿ ಅವರ ಮುರಿದ ಬೆರಳಿಗೆ ಬಟ್ಟೆ ಸುತ್ತಿ ಅಂಕಣಕ್ಕೆ ನೂಕಿದ್ದ ಮನುಷ್ಯ ಆತ. ಅಂದು ತಂಡವೇನೋ ಗೆದ್ದಿತು. ಬೆರಳು ಇವತ್ತಿಗೂ ಮಡಚುವುದಿಲ್ಲ.

ಅವರ ಕೈಯಲ್ಲಿ ಪಳಗಿದವರಲ್ಲಿ ಮೇಲಕ್ಕೆ ಹೋದವಳು ಹಿನಾ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯ ಹುಡುಗಿ. ಅವಳಪ್ಪ ಆಫ್ತಾಬ್ ಆಟ ಬೇಡವೆಂದಾಗ ಮೇಡಂ ಮೂರು ಸಲ ಅವರ ಬಾಗಿಲಿಗೆ ಹೋಗಿ ನಿಂತಿದ್ದರು.

"ಉದ್ದ ಪ್ಯಾಂಟಲ್ಲೇ ಆಡಿಸ್ತೀನಿ ಸಾಬ್ರೇ. ನನ್ ಮಗಳು ಅಂದ್ಕೊಂಡು ಕಳ್ಸಿ."

ದಿನಾ ಬೆಳಗ್ಗೆ ಅವಳಿಗೆಂದು ಎರಡು ಬೇಯಿಸಿದ ಮೊಟ್ಟೆ ತಂದರು. ಆದರೆ ಅಂಕಣಕ್ಕೆ ಇಳಿದರೆ ಬೇರೆಯೇ ಹೆಂಗಸು. "ಬಸುರಿ ಎಮ್ಮೆ ಹಂಗೆ ಓಡ್ತೀಯಲ್ಲೇ, ನಿಂಗ್ಯಾಕೇ ಆಟ?" ಎಂದು ಎಲ್ಲರೆದುರು ಕಿರುಚುತ್ತಿದ್ದರು. ಜ್ವರ ಬಂದರೂ ರಜೆ ಇರಲಿಲ್ಲ. ಹಿನಾ ಅಳುತ್ತಲೇ ರಾಜ್ಯ ತಂಡ ಸೇರಿದಳು, ಆಮೇಲೆ ವೃತ್ತಿಪರ ಲೀಗ್ ಸೇರಿದಳು.

ಹೋದ ವರ್ಷ ಬಿಡದಿಯಲ್ಲಿ ಕೋಚ್‌ಗಳಿಗೆ ಎರಡು ದಿನದ ತರಬೇತಿ ನಡೆಯಿತು. ಈಗಿನ ಆಟಗಾರರಲ್ಲಿ ಹುರುಪು ತುಂಬುವುದು ಹೇಗೆ ಎಂಬುದು ವಿಷಯ. ಹಿನಾ ಅತಿಥಿ. ಮೇಡಂ ಹೊಸ ಸೀರೆ ಉಟ್ಟು ಮೊದಲ ಸಾಲಿನಲ್ಲೇ ಕೂತರು. ಪಕ್ಕದಲ್ಲಿದ್ದ ಪುಟ್ಟಸ್ವಾಮಿ ಮೇಷ್ಟ್ರಿಗೆ, "ನಮ್ ಹುಡುಗಿ ಕಣ್ರೀ" ಎಂದರು.

ಹಿನಾ ಮೈಕ್ ಹಿಡಿದಳು. "ಸೀಟಿ ಸದ್ದು ಕೇಳಿದ್ರೆ ಈಗಲೂ ಬೈಗುಳ ಬರುತ್ತೆ ಅಂತ ತಲೆ ತಗ್ಗಿಸ್ತೀನಿ. ಅದಕ್ಕೆ ಮನಸ್ಸಿನ ಡಾಕ್ಟ್ರ ಹತ್ರ ಹೋಗ್ತಿದೀನಿ. ನಂಗೆ ಕಲಿಸಿದವರ ಹೆಸರು ಹೇಳಲ್ಲ. ನೀವ್ಯಾರೂ ಹಂಗೆ ಕಲಿಸ್ಬೇಡಿ, ಅಷ್ಟೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪುಟ್ಟಸ್ವಾಮಿ ಮಾತ್ರ ಎತ್ತಿದ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿ, ಬೇರೆ ಕಡೆ ನೋಡಿದರು.

ಟೀ ಹೊತ್ತಿಗೆ ಮೇಡಂ ಅವಳನ್ನು ತಡೆದು ನಿಲ್ಲಿಸಿದರು. "ನಿಮ್ಮಪ್ಪನ ಕಾಲು ಹಿಡಿಯೋದೊಂದು ಬಾಕಿ ಇತ್ತಲ್ಲೇ. ಅದ್ಯಾಕೆ ಹೇಳ್ನಿಲ್ಲ? ಮೊಟ್ಟೆ ಮರ್ತೋದ್ವಾ?"

"ಮರ್ತಿಲ್ಲ ಮೇಡಂ. ಅದಕ್ಕೇ ಹೆಸರು ಹೇಳ್ಲಿಲ್ಲ."

"ನಾನು ಬೈದೇ ಇದ್ದಿದ್ರೆ ನೀನು ಇಲ್ಲಿಗೆ ಬತ್ತಿದ್ಯಾ?"

"ಗೊತ್ತಿಲ್ಲ" ಎಂದಳು ಹಿನಾ. "ಅದೇ ನಂಗೂ ಸಂಕಟ. ಒಂದ್ಸಲ ಭೇಷ್ ಅಂದಿದ್ರೆ ಗೊತ್ತಾಗ್ತಿತ್ತೇನೋ." ಯಾರೋ ಸೆಲ್ಫಿಗೆ ಕರೆದರು, ಹೋದಳು.

ಮೇಡಂ ಎರಡನೇ ದಿನದ ತರಬೇತಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ ಹಿನಾಳ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟರು. ನಡುನಡುವೆ ತಮ್ಮ ಕೋಚ್‌ನ ಮುಖ ಅಡ್ಡ ಬರುತ್ತಿತ್ತು. ಆತ ಸತ್ತಾಗ ತಾವು ಮಣ್ಣಿಗೂ ಹೋಗಿರಲಿಲ್ಲ.

ಸೋಮವಾರ ಅಭ್ಯಾಸದಲ್ಲಿ ಒಂಬತ್ತನೇ ಕ್ಲಾಸಿನ ನವ್ಯಶ್ರೀ ಒಂದೇ ಉಸಿರಿಗೆ ಮೂವರನ್ನು ಮುಟ್ಟಿ ಗೆರೆ ದಾಟಿ ಬಂದಳು. ಮೇಡಂ ಗಂಟಲು ಸರಿಮಾಡಿಕೊಂಡು, "ಭೇಷ್" ಎಂದರು. ರೂಢಿಯಿಲ್ಲದ ಮಾತು, ಒರಟಾಗಿ ಬಂತು.

ಹುಡುಗಿ ಬೆಚ್ಚಿದಳು. ಏನು ತಪ್ಪು ಮಾಡಿದೆನೋ, ಮೇಡಂ ಅಣಕಿಸುತ್ತಿದ್ದಾರೆ ಎಂದುಕೊಂಡಳು. ತಲೆ ತಗ್ಗಿಸಿ, ಯಾರೂ ಹೇಳದಿದ್ದರೂ, ಮಾಮೂಲಿ ಶಿಕ್ಷೆಯ ಹತ್ತು ಸುತ್ತು ಓಡಲು ಹೊರಟಳು.

ಅವಳನ್ನು ತಡೆಯಲು ಭಾನುಪ್ರಿಯ ಸೀಟಿ ಬಾಯಿಗಿಟ್ಟರು, ಊದದೆ ಇಳಿಸಿದರು. ಹತ್ತೂ ಸುತ್ತು ಮುಗಿಯುವ ತನಕ ನೋಡುತ್ತಾ ನಿಂತರು.