ಲೇಬಲ್ ಮೇಲಿನ ಶಿಲುಬೆ

ಎರಡೂ ಅಂಗೈಗೆ ಬ್ಯಾಂಡೇಜ್ ಸುತ್ತಿದ್ದ ಹಿರಿಯರೊಬ್ಬರು ಕೆಂಪು ಸಿಲಿಂಡರೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದು, ಭದ್ರಾವತಿಯ ನನ್ನ ಅಂಗಡಿಯ ಮೇಜಿನ ಮೇಲಿಟ್ಟರು. ಬೆಂಕಿ ಆರಿಸುವ ಸಿಲಿಂಡರುಗಳನ್ನು ಪರೀಕ್ಷಿಸಿ, ತುಂಬಿಸಿ ಕೊಡುವುದು ನನ್ನ ಕಸುಬು. ಬಂದವರು ಜನ್ನಾಪುರದ ಹಾಸಿಗೆ ಗೋದಾಮೊಂದರ ಕಾವಲುಗಾರ ರಹಮತ್ ಸಾಬರು.

"ಬೆಂಕಿ ಹತ್ತಿದಾಗ ಎಲ್ರೂ ಹೊರಗೆ ಓಡಿದ್ರು ಸಾರ್. ನಾನು ಇದನ್ನ ನಂಬ್ಕೊಂಡು ಒಳಗೆ ಹೋದೆ. ಎಷ್ಟು ಒತ್ತಿದ್ರೂ ಏನೂ ಬರ್ಲಿಲ್ಲ. ನಂಗೇ ಒತ್ತೋಕೆ ಬರ್ಲಿಲ್ವೇನೋ, ಸ್ವಲ್ಪ ನೋಡಿ ಹೇಳಿ."

ಲೇಬಲ್ ಮೇಲೆ 'ಪರೀಕ್ಷಿಸಲಾಗಿದೆ' ಎಂಬುದರ ಕೆಳಗೆ ನನ್ನದೇ ಸಹಿ. ಪಕ್ಕದಲ್ಲಿ, ಅಂಗಡಿಯ ಗುರುತೆಂದು ನಾನೇ ಅಚ್ಚು ಹಾಕಿಸಿದ್ದ ಪುಟ್ಟ ಶಿಲುಬೆ. ಆ ಗೋದಾಮಿನಿಂದ ಒಂದೇ ಸಲ ಮೂವತ್ತು ಸಿಲಿಂಡರ್ ಬಂದಿದ್ದವು. ಅವತ್ತೂ ಪ್ರಾರ್ಥನೆ ಮಾಡಿಯೇ ಷಟರ್ ಎತ್ತಿದ್ದೆ. ಐದಾರನ್ನು ಪರೀಕ್ಷಿಸಿ, ಉಳಿದವನ್ನು ಬಟ್ಟೆಯಿಂದ ಒರೆಸಿ ಹೊಸ ಲೇಬಲ್ ಅಂಟಿಸಿ ಕಳಿಸಿದ್ದೆ.

"ತಪ್ಪು ನಿಮ್ದಲ್ಲ ಸಾಬ್ರೇ. ನಾನು ಪರೀಕ್ಷೆ ಮಾಡದೇ ಸಹಿ ಹಾಕಿದ್ದೆ," ಎಂದೆ.

ಅವರು ಬ್ಯಾಂಡೇಜಿನ ಕೈಯಿಂದಲೇ ಲೇಬಲ್ ಮೇಲಿನ ಶಿಲುಬೆಯನ್ನು ತೋರಿಸಿದರು. "ದೇವರ ಗುರುತು ಇತ್ತಲ್ಲ ಸಾರ್, ಅದಕ್ಕೇ ನಾನು ಅನುಮಾನ ಪಡ್ಲಿಲ್ಲ," ಎಂದಷ್ಟೇ ಹೇಳಿ ಹೊರಟರು.

ಈಗ ಒಂದೊಂದನ್ನೂ ತೂಗಿ, ಒತ್ತಡ ನೋಡಿಯೇ ಸಹಿ ಹಾಕುತ್ತೇನೆ. ಲೇಬಲ್ ಮೇಲೆ ಶಿಲುಬೆ ಇಲ್ಲ. ಸಾಬರ ಬಲಗೈ ಬೆರಳುಗಳನ್ನು ಮತ್ತೆ ಮಡಚಲು ಆಗಲೇ ಇಲ್ಲ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಪಾದ್ರಿ ಕೊಡುವ ಪರಮಪ್ರಸಾದಕ್ಕೆ ಕೈ ಚಾಚಿ ಸಾಲು ನಿಲ್ಲುವಾಗ ನಾನು ಬೆಂಚಿನಲ್ಲೇ ಕೂತಿರುತ್ತೇನೆ.