ಜಮಖಾನದ ಮೂಲೆ

ಶ್ರೀನಗರದ ನಮ್ಮ ಬೀದಿಯಲ್ಲಿ ಬಟ್ಟೆ ಒಗೆದುಕೊಡುವ ಆತ, ಎಣ್ಣೆಕಲೆ ಕಂಡರೆ ಮೊದಲು ನಮ್ಮ ಕೈ ತಡೆಯುತ್ತಿದ್ದ. "ಉಜ್ಜಬೇಡಿ ಸಾರ್, ಹೆದರ್ಕೊಂಡು ಒಳಗೋಗುತ್ತೆ."

ಎದುರುಮನೆ ಆಂಟಿಯಿಂದ ಎರವಲು ತಂದ ಜಮಖಾನದ ಮೇಲೆ ನಾನು ಉಪ್ಪಿನಕಾಯಿ ಚೆಲ್ಲಿ, ಅದನ್ನು ಆತನ ಬಳಿ ಒಯ್ದಿದ್ದೆ.

"ಆಂಟಿಗೆ ಗೊತ್ತಾಗ್ಬಾರ್ದು."

"ನಾನ್ಯಾಕ್ ಹೇಳ್ಲಿ ಸಾರ್?"

ಏನೋ ಪುಡಿ ಉದುರಿಸಿದ. ಸೀಮೆಸುಣ್ಣವೋ ಕಡಲೆಹಿಟ್ಟೋ, ಈಗ ನೆನಪನ್ನು ನಂಬಲಾರೆ. ಕಲೆಯಂತೂ ಪೂರ್ತಿ ಹೋಯಿತು.

ವಾಪಸ್ ಕೊಟ್ಟಾಗ ಆಂಟಿ ಮೂಲೆ ಮಗುಚಿ ನೋಡಿದರು. ಬಟ್ಟೆ ಅದಲುಬದಲಾಗದಿರಲೆಂದು ಆತ ಮನೆಮನೆಗೂ ಬೇರೆ ಗುರುತು ಹಾಕುತ್ತಿದ್ದ. ಅವರ ಮನೆಯ ಎರಡು ಚುಕ್ಕೆಗಳ ಪಕ್ಕದಲ್ಲೇ ನಮ್ಮ ಮನೆಯ ಮೂರು ಚುಕ್ಕೆಗಳಿದ್ದವು.

"ಏನಪ್ಪಾ ಚೆಲ್ಲಿದ್ದು?"

ನಮ್ಮ ಗುರುತನ್ನು ಆತ ಅಭ್ಯಾಸದಿಂದ ಹಾಕಿದನೋ, ಬೇಕೆಂದೇ ಹಾಕಿದನೋ? ತಡೆಯಲಾರದೆ ಹೋಗಿ ಕೇಳಿದೆ, ಮತ್ತೆ ಮತ್ತೆ ಕೇಳಿದೆ.

ಆತ ಇಸ್ತ್ರಿಯಿಂದ ತಲೆಯೆತ್ತಲಿಲ್ಲ. "ಉಜ್ಜಬೇಡಿ ಸಾರ್."